ಕವಲೇದುರ್ಗ: ಕೆಳದಿ ಅರಸುಮನೆತನದ ಪಾಳುಕೋಟೆ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರು ದೂರದಲ್ಲಿ, ದಟ್ಟವಾದ ಕಾಡು ಗುಡ್ಡಗಳ ನಡುವೆ ಕವಲೇದುರ್ಗವೆಂಬ ಚಿಕ್ಕ ಗ್ರಾಮವಿದೆ. ಊರಿನ ಬಳಿಯ ಕೆರೆಯನ್ನೂ ಭತ್ತದ ಗದ್ದೆಗಳನ್ನೂ ದಾಟಿ, ಕಲ್ಲುಹಾಸಿನ ದಾರಿಯಲ್ಲಿ ಬೆಟ್ಟವನ್ನೇರಿದರೆ, ಮರಗಳ ಮರೆಯಿಂದ ಥಟ್ಟನೆ ಎದುರಾಗುವುದು ಭಾರಿ ಕಣಶಿಲೆಗಳ ಕೋಟೆಗೋಡೆ. ಇದೇ ಶಾಸನ, ಕಾವ್ಯಗಳಲ್ಲಿ ಭುವನಗಿರಿ ದುರ್ಗವೆಂದು ಹೆಸರಾದ ಸ್ಥಳ. ಮಲೆನಾಡನ್ನೂ ಕರಾವಳಿಯನ್ನೂ ಎರಡೂವರೆ ಶತಮಾನಗಳಿಗೂ ಮೀರಿ ಆಳಿದ ಕೆಳದಿಯ ವೀರಶೈವ ಅರಸುಮನೆತನಕ್ಕೆ ಇದು ಕಷ್ಟಕಾಲದ ಆಸರೆಯೂ ಸುಖಕಾಲದ ನೆಲೆಯೂ ಆಗಿದ್ದಿತು. ಕಾವಲುದುರ್ಗವೆಂಬ ಮಾತೇ ಜನರ ಬಾಯಲ್ಲಿ ಕವಲೇದುರ್ಗವಾಯಿತೆಂಬ ಹೇಳಿಕೆಯುಂಟು. ಬೆಟ್ಟದ ಮೇಲಿನ ಗದಾತೀರ್ಥವೆಂಬ ಕೊಳವನ್ನು ವನವಾಸದ ಕಾಲದಲ್ಲಿ ಭೀಮನು ತನ್ನ ಗದೆಯಿಂದ ಹೊಡೆದು ತೋಡಿದನೆಂದೂ ಜನ ನಂಬುತ್ತಾರೆ.

ಇಲ್ಲಿಗೆ ಬರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. ಗೋಡೆ, ಬಾಗಿಲು, ದೇಗುಲಗಳು ಇಷ್ಟು ಗಟ್ಟಿಯಾಗಿ ನಿಂತಿರುವಾಗ ಅರಮನೆ ಮಾತ್ರ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರವನ್ನು ಅರಸಹೊರಟರೆ ಒಂದು ರಾಜ್ಯದಲ್ಲಿ ಯಾವುದು ಅಳಿಯುತ್ತದೆ, ಯಾವುದು ಉಳಿಯುತ್ತದೆ ಎಂಬ ದೊಡ್ಡ ಪ್ರಶ್ನೆಯೇ ಎದುರಿಗೆ ಬಂದು ನಿಲ್ಲುತ್ತದೆ.

ದುರ್ಗದ ರಚನೆ

ಬೆಟ್ಟದ ಏರಿಳಿತವನ್ನೇ ಅನುಸರಿಸಿ ಒಂದರ ಮೇಲೊಂದರಂತೆ ಮೂರು ಸುತ್ತು ಕೋಟೆಯನ್ನು ಇಲ್ಲಿ ಕಟ್ಟಲಾಗಿದೆ. ಪ್ರತಿಯೊಂದು ಸುತ್ತಿಗೂ ಹೆಬ್ಬಾಗಿಲು. ಅದರ ಎರಡು ಪಕ್ಕಗಳಲ್ಲಿ ಕಾವಲುಗಾರರ ಕೋಣೆಗಳು. ಹೊರಗಿನ ಸುತ್ತು ಶತ್ರುವಿನ ವಶವಾದರೂ ಒಳಗಿನವರು ಎರಡನೆಯ ಸುತ್ತಿನಲ್ಲಿ, ಅದೂ ಹೋದರೆ ಮೂರನೆಯದರಲ್ಲಿ ನಿಂತು ಕಾದಬಹುದು. ಏರುದಾರಿಯಲ್ಲಿ ಸೇನೆ ಗುಂಪಾಗಿ ನುಗ್ಗುವಂತಿಲ್ಲ. ದಂಡು ಎಷ್ಟೇ ದೊಡ್ಡದಾದರೂ ಬಾಗಿಲಿನ ಮುಂದೆ ನಿಲ್ಲಬಲ್ಲವರು ಕೆಲವರೇ. ಮಲೆನಾಡಿನ ಅರಸರು ಬಯಲುಸೀಮೆಯ ದೊಡ್ಡ ಕುದುರೆದಂಡುಗಳನ್ನು ಎದುರಿಸಿ ಬಾಳಿದ ಗುಟ್ಟಿನಲ್ಲಿ ಇದೂ ಒಂದು. ಕಾಡು, ಕಣಿವೆ, ಮಳೆ ಇವು ಅವರಿಗೆ ಸಂಬಳವಿಲ್ಲದ ಸೈನ್ಯವಾಗಿದ್ದವು.

ಕೋಟೆಗೆ ಗೋಡೆಗಿಂತಲೂ ಮುಖ್ಯವಾದುದು ನೀರು. ನೀರಿಲ್ಲದ ದುರ್ಗ ಹದಿನೈದು ದಿನದ ಮುತ್ತಿಗೆಯನ್ನೂ ತಾಳಲಾರದು. ಕವಲೇದುರ್ಗದಲ್ಲಿ ಹಂತಹಂತವಾಗಿ ಕೊಳಗಳಿವೆ. ಮಳೆಗಾಲದ ನೀರು ಹರಿದುಹೋಗದಂತೆ ಬಂಡೆಯ ನಡುವೆಯೇ ಅದನ್ನು ಹಿಡಿದಿಟ್ಟುಕೊಳ್ಳುವ ವ್ಯವಸ್ಥೆಯಿದೆ. ಕೋಟೆಯೊಳಗೆ ಕಾಶಿವಿಶ್ವನಾಥ ದೇವಾಲಯವಿದೆ. ಬೆಟ್ಟದ ನೆತ್ತಿಯಲ್ಲಿ ಶಿಖರೇಶ್ವರನ ಪುಟ್ಟ ಗುಡಿಯಿದೆ. ಅಲ್ಲಿ ನಿಂತು ನೋಡಿದರೆ ಸಹ್ಯಾದ್ರಿಯ ಸಾಲುಗಳು ಪಡುವಣ ದಿಕ್ಕಿಗೆ ಇಳಿಯುತ್ತಾ ಹೋಗುವುದು ಕಾಣುತ್ತದೆ. ಘಟ್ಟದ ಮೇಲಿನ ಅಡಿಕೆ, ಮೆಣಸಿನ ನಾಡನ್ನೂ ಘಟ್ಟದ ಕೆಳಗಿನ ಬಂದರುಗಳನ್ನೂ ಒಟ್ಟಿಗೆ ಆಳಿದ ಮನೆತನಕ್ಕೆ ಇದಕ್ಕಿಂತ ಯೋಗ್ಯವಾದ ಕಾವಲುನೆಲೆ ಬೇರೆ ಬೇಕಿರಲಿಲ್ಲ.

ಈಗ ಅರಮನೆಯ ವಿಷಯ. ಅದರ ತಳಪಾಯ ಮಾತ್ರ ಉಳಿದಿದೆ. ಎತ್ತರವಾದ ಜಗಲಿ, ಸಾಲಾಗಿ ಕಂಬಗಳ ಬುಡಗಲ್ಲು, ಪೂಜೆಯ ಕೋಣೆಯ ನೆಲೆ, ಅಡಿಗೆಮನೆಯ ಕಲ್ಲಿನ ಒಲೆ, ಸ್ನಾನದ ಕಲ್ಲುಹಾಸು, ನೀರು ಹರಿದುಹೋಗುವ ಕಾಲುವೆ, ಮೆಟ್ಟಿಲುಗಳುಳ್ಳ ಕೊಳ ಇವು ಇಂದಿಗೂ ಕಾಣಸಿಗುತ್ತವೆ. ಇದರ ಕಾರಣ ಸರಳವಾದುದು. ಮಲೆನಾಡಿನಲ್ಲಿ ದೇವರ ಮನೆಯನ್ನು ಕಲ್ಲಿನಲ್ಲಿ ಕಟ್ಟಿದರೂ ಮನುಷ್ಯರ ಮನೆಯನ್ನು ಮರದಲ್ಲಿ ಕಟ್ಟುವುದು ರೂಢಿ. ಕಲ್ಲಿನ ಬುಡದ ಮೇಲೆ ಮರದ ಕಂಬ, ಮರದ ತೊಲೆ, ಮಣ್ಣಿನ ಗೋಡೆ, ಇಳಿಜಾರಾದ ಮಾಡು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂತಹ ಸೀಮೆಯಲ್ಲಿ ಪ್ರತಿವರ್ಷ ಮಾಡನ್ನು ಕೈಯಾಡಿಸುವವರಿದ್ದರೆ ಮನೆ ನೂರಾರು ವರ್ಷ ಬಾಳುತ್ತದೆ. ಕೆಲವು ಮಳೆಗಾಲ ನೋಡುವವರಿಲ್ಲದಿದ್ದರೆ ಮಾಡು ಕುಸಿದು, ಮಣ್ಣಿನ ಗೋಡೆ ಕರಗಿ, ಮರ ಗೆದ್ದಲಿಗೆ ತುತ್ತಾಗುತ್ತದೆ. ಅರಮನೆಯನ್ನು ಮಣ್ಣುಪಾಲು ಮಾಡಲು ಫಿರಂಗಿ ಬೇಕಿರಲಿಲ್ಲ. ಯಜಮಾನರಿಲ್ಲದೆ ಹೋದುದೇ ಸಾಕಾಯಿತು.

ನಾಯಕರ ಮೂಲ

ಆ ಯಜಮಾನರು ಯಾರು? ಕ್ರಿ. ಶ. 1500ರ ಸುಮಾರಿಗೆ ಈಗಿನ ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಚೌಡಪ್ಪನೆಂಬ ಗೌಡನಿಂದ ಈ ಮನೆತನ ತಲೆಯೆತ್ತಿತು. ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರಿಗೆ ನಿಧಿ ದೊರೆತ ಕಥೆಯೂ, ಆ ನಿಧಿಗಾಗಿ ಯಾದವ, ಮುರಾರಿ ಎಂಬ ನಂಬಿಕೆಯ ಆಳುಗಳಿಬ್ಬರು ತಮ್ಮನ್ನು ತಾವೇ ಬಲಿಕೊಟ್ಟ ಕಥೆಯೂ ಆ ಸೀಮೆಯಲ್ಲಿ ಪ್ರಚಲಿತವಾಗಿವೆ. ಅರಸರು ಮುಂದೆ ಧರಿಸಿದ ‘ಎಡವ ಮುರಾರಿ’ ಎಂಬ ಬಿರುದು ಆ ಸೇವಕರ ನೆನಪೆಂದು ಹೇಳುವುದುಂಟು.

ನಾಯಕನೆಂದರೆ ಮೂಲತಃ ಸ್ವತಂತ್ರ ದೊರೆಯಲ್ಲ. ವಿಜಯನಗರದ ಆಡಳಿತದಲ್ಲಿ ಚಕ್ರವರ್ತಿಯಿಂದ ಒಂದು ಸೀಮೆಯ ಹುಟ್ಟುವಳಿಯನ್ನು ಪಡೆದು, ಅದಕ್ಕೆ ಪ್ರತಿಯಾಗಿ ಗೊತ್ತಾದಷ್ಟು ಸೈನ್ಯವನ್ನು ಸಾಕಿ ಯುದ್ಧಕಾಲದಲ್ಲಿ ಒದಗಿಸುತ್ತಿದ್ದ ಸಾಮಂತನೇ ನಾಯಕ. ಚೌಡಪ್ಪನ ಮಗ ಸದಾಶಿವ ನಾಯಕನು ರಾಮರಾಯನ ಕಾಲದಲ್ಲಿ ವಿಜಯನಗರದ ಪರವಾಗಿ ಕಾದಿ, ‘ಕೋಟೆ ಕೋಲಾಹಲ’ನೆಂಬ ಬಿರುದನ್ನು ಪಡೆದನು. ಬಾರಕೂರು, ಮಂಗಳೂರು ಸೀಮೆಗಳ ಅಧಿಕಾರವೂ ಅವನಿಗೆ ಲಭಿಸಿತು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ ಬಂದಿತು. ಅಲ್ಲಿನ ಅಘೋರೇಶ್ವರ ದೇವಾಲಯ ಇಂದಿಗೂ ಆ ವೈಭವವನ್ನು ಸಾರುತ್ತಿದೆ. 1565ರ ಯುದ್ಧದಲ್ಲಿ ವಿಜಯನಗರ ಸೋತ ಬಳಿಕ ಸಾಮಂತರು ಕ್ರಮೇಣ ಸ್ವತಂತ್ರರಾದರು. ಕೆಳದಿಯವರೂ ಹಾಗೆಯೇ ಆದರು.

ವೆಂಕಟಪ್ಪ ನಾಯಕನ ಕಾಲ

ಕವಲೇದುರ್ಗದ ಭಾಗ್ಯ ತೆರೆದುದು 1629ರವರೆಗೆ ಆಳಿದ ಹಿರಿಯ ವೆಂಕಟಪ್ಪ ನಾಯಕನಿಂದ. ಅದಕ್ಕೆ ಮುಂಚೆ ತೊಲಹ, ಮುಂಡಿಗ ಎಂಬ ಪಾಳೆಯಗಾರರು ದುರ್ಗವನ್ನು ಹಿಡಿದಿದ್ದರೆಂದು ಸ್ಥಳೀಯ ಪರಂಪರೆ ಹೇಳುತ್ತದೆ. ವೆಂಕಟಪ್ಪ ನಾಯಕನು ಅದನ್ನು ವಶಪಡಿಸಿಕೊಂಡು ಕೋಟೆಯನ್ನು ಬಲಪಡಿಸಿದನು. ಅರಮನೆ, ಬೊಕ್ಕಸ, ಕಣಜ, ಲಾಯಗಳೊಡನೆ ಮಹತ್ತಿನ ಮಠವೊಂದೂ ಅಲ್ಲಿ ನೆಲೆಗೊಂಡಿತು. ಜಂಗಮರಿಗೆ ವಸತಿ, ದಾರಿಹೋಕರಿಗೆ ಅನ್ನ, ಊರಿಗೆ ನ್ಯಾಯ ಈ ಮೂರನ್ನೂ ನಡೆಸಬೇಕಾಗಿದ್ದ ಸಂಸ್ಥೆಯಾಗಿ ಮಠವನ್ನು ಕೆಳದಿ ಅರಸರು ಕಂಡರು. ಅದಕ್ಕಾಗಿ ಭೂಮಿಯನ್ನು ಉಂಬಳಿಯಾಗಿ ಬಿಟ್ಟರು. ತಾವು ವೀರಶೈವರಾಗಿದ್ದರೂ ಶೃಂಗೇರಿಯ ಮಠಕ್ಕೆ ಅವರು ಕೊಟ್ಟ ದತ್ತಿಗಳು ಹಲವು. ಅವರ ಔದಾರ್ಯ ಮತಭೇದದ ಗಡಿಯಲ್ಲಿ ನಿಲ್ಲಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೋವೆಯ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಗೆ ಬಂದನು. ಪೋರ್ಚುಗೀಸರಿಗೆ ಬೇಕಾಗಿದ್ದುದು ಈ ನಾಡಿನ ಮೆಣಸು. ರಾಜನ ಆಸ್ಥಾನ, ಬೀದಿಯಲ್ಲಿ ಕೋಲುಹಿಡಿದು ಕುಣಿದ ಹೆಂಗಸರು, ಜನರ ಉಡುಗೆತೊಡುಗೆ ಎಲ್ಲವನ್ನೂ ಅವನು ತನ್ನ ಪತ್ರಗಳಲ್ಲಿ ಬಣ್ಣಿಸಿದ್ದಾನೆ. ಆದರೆ ಶಿಕ್ಷಕರಾದವರು ಮರೆಯಲಾಗದ ಸಂಗತಿಯೊಂದು ಘಟ್ಟದ ದಾರಿಯಲ್ಲಿ ಅವನ ಕಣ್ಣಿಗೆ ಬಿದ್ದಿತು. ಗುಡಿಯೊಂದರ ಮುಂದಿನ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣುಪಾದ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತಾ, ರಾಗವಾಗಿ ಹಾಡುತ್ತಾ ಲೆಕ್ಕ ಕಲಿಯುತ್ತಿದ್ದರು. ಗುರುಗಳು ಹತ್ತಿರ ಇರಲಿಲ್ಲ. ತಪ್ಪಿದರೆ ತಿದ್ದುವವರಾರು ಎಂದು ಕೇಳಿದಾಗ, ನಾಲ್ವರೂ ಒಂದೇ ತಪ್ಪನ್ನು ಒಟ್ಟಿಗೆ ಮಾಡಲಾರೆವು, ಒಬ್ಬನನ್ನು ಇನ್ನೊಬ್ಬನು ತಿದ್ದುತ್ತಾನೆ ಎಂಬ ಅರ್ಥದ ಉತ್ತರವನ್ನು ಆ ಹುಡುಗರು ಕೊಟ್ಟರು. ಕಾಗದದ ಖರ್ಚಿಲ್ಲದ ಈ ಕಲಿಕೆಯನ್ನು ಕಂಡು ಪ್ರವಾಸಿ ಮೆಚ್ಚಿಕೊಂಡನು. ಲೆಕ್ಕವನ್ನು ಇಷ್ಟು ಸಹಜವಾಗಿ ಬಲ್ಲ ನಾಡಿನಲ್ಲಿಯೇ, ಒಂದು ತಲೆಮಾರು ಕಳೆಯುವಷ್ಟರಲ್ಲಿ, ಆ ಮನೆತನದ ಅತ್ಯಂತ ಶಾಶ್ವತವಾದ ಕಾರ್ಯ ನಡೆಯಿತು.

ಶಿವಪ್ಪ ನಾಯಕನ ಶಿಸ್ತು

ಬಿಜಾಪುರದ ಸೇನೆ ಇಕ್ಕೇರಿಯನ್ನು ಕೊಳ್ಳೆಹೊಡೆದ ಮೇಲೆ ವೀರಭದ್ರ ನಾಯಕನು 1640ರ ಸುಮಾರಿಗೆ ರಾಜಧಾನಿಯನ್ನು ಇನ್ನಷ್ಟು ದುರ್ಗಮವಾದ ಬಿದನೂರಿಗೆ ಸಾಗಿಸಿದನು. ಅವನ ನಂತರ 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಹೆಸರನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು 1650ರ ದಶಕದ ಮೊದಲ ವರ್ಷಗಳಲ್ಲಿ ಗೆದ್ದುಕೊಂಡ ಪರಾಕ್ರಮಿ ಅವನು. ಆದರೂ ಜನರ ನಾಲಗೆಯ ಮೇಲೆ ಅವನ ಕತ್ತಿ ಉಳಿಯಲಿಲ್ಲ. ‘ಶಿವಪ್ಪ ನಾಯಕನ ಶಿಸ್ತು’ ಉಳಿಯಿತು.

ಶಿಸ್ತು ಎಂದರೆ ಇಲ್ಲಿ ಭೂಕಂದಾಯದ ನಿಗದಿ. ಅದರ ಕ್ರಮ ಹೀಗಿದ್ದಿತೆಂದು ನಾಡಿನ ಕಂದಾಯದ ಪರಂಪರೆ ತಿಳಿಸುತ್ತದೆ. ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗಳಾಗಿ ವಿಂಗಡಿಸಲಾಯಿತು. ಪ್ರತಿ ತರದ ಹೊಲವನ್ನು 12 ವರ್ಷಗಳ ಕಾಲ ಸರ್ಕಾರದ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ಖರ್ಚು, ಬಂದ ಬೆಳೆ, ಅದರ ಬೆಲೆ ಇವನ್ನು ವರ್ಷವರ್ಷವೂ ಬರೆದಿಡಲಾಯಿತು. ಒಳ್ಳೆಯ ಮಳೆಯ ವರ್ಷವೂ ಕೆಟ್ಟ ವರ್ಷವೂ ಸೇರಿ ಬಂದ ಸರಾಸರಿ ಹುಟ್ಟುವಳಿಯಲ್ಲಿ ಮೂರರಲ್ಲೊಂದು ಪಾಲನ್ನು ಸರ್ಕಾರದ ಕಂದಾಯವೆಂದು ಗೊತ್ತುಮಾಡಲಾಯಿತು. ಅಡಿಕೆಯ ತೋಟಗಳಿಗೆ ಬೇರೆ ಅಳತೆ: ಗೊತ್ತಾದ ಕೋಲಿನಿಂದ ನೆಲವನ್ನು ಅಳೆದು, ಸಾವಿರ ಮರದ ಲೆಕ್ಕದಲ್ಲಿ ತೆರಿಗೆ.

ಈ ಏರ್ಪಾಡಿನ ಹೆಚ್ಚಳವೇನು? ಮೂರನೆಯ ಒಂದು ಪಾಲು ಹಗುರವಾದ ತೆರಿಗೆಯೇನೂ ಅಲ್ಲ. ಆದರೆ ಅದು ಮುಂಗಡವಾಗಿ ಗೊತ್ತಾದ ತೆರಿಗೆ. ರೈತನು ತಾನು ಕೊಡಬೇಕಾದುದನ್ನು ಬಿತ್ತುವ ಮೊದಲೇ ಬಲ್ಲನು; ಅಧಿಕಾರಿಯ ಮನಸ್ಸು ಬಂದಂತೆ ಅದು ಏರುವಂತಿಲ್ಲ. ಹೆಚ್ಚು ದುಡಿದರೆ ಹೆಚ್ಚಿನದು ತನಗೇ ಉಳಿಯುತ್ತದೆಂಬ ಭರವಸೆಯಿಂದ ಕಾಡು ಕಡಿದು ಗದ್ದೆ ಮಾಡುವವರು, ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದ ಅಡಿಕೆ ಸಸಿ ನೆಡುವವರು ಮುಂದೆ ಬರುತ್ತಾರೆ. ಅರಸನ ಮಾತು ನಿಲ್ಲುತ್ತದೆಂಬ ನಂಬಿಕೆಯಿಲ್ಲದ ನಾಡಿನಲ್ಲಿ ತೋಟ ಬೆಳೆಯುವುದಿಲ್ಲ.

ರಾಣಿಯ ಆಸರೆ

1670ರ ದಶಕದ ಆರಂಭದಲ್ಲಿ ಮನೆತನಕ್ಕೆ ದೊಡ್ಡ ಗಂಡಾಂತರ ಬಂದಿತು. ಸೋಮಶೇಖರ ನಾಯಕನ ಅಂತ್ಯದೊಡನೆ ರಾಜ್ಯದಲ್ಲಿ ಗೊಂದಲವೆದ್ದಿತು. ಬಿಜಾಪುರದ ಸೇನೆ ಬಿದನೂರಿನತ್ತ ನಡೆಯಿತು. ಆಗ ಅವನ ಪತ್ನಿ ಚೆನ್ನಮ್ಮಾಜಿ ಆಶ್ರಯಿಸಿದುದು ಭುವನಗಿರಿಯನ್ನೇ. ಕವಲೇದುರ್ಗದ ಮೂರು ಸುತ್ತಿನ ಕೋಟೆ ತನ್ನ ಹೆಸರನ್ನು ಸಾರ್ಥಕಪಡಿಸಿಕೊಂಡುದು ಈ ಸಂದರ್ಭದಲ್ಲಿ. ಅಲ್ಲಿಯೇ ಅವಳಿಗೆ ಪಟ್ಟವಾಯಿತು. ಅಲ್ಲಿಂದಲೇ ನಂಬಿಕಸ್ಥರನ್ನು ಕೂಡಿಸಿಕೊಂಡು, ಬಿದನೂರನ್ನು ಮತ್ತೆ ಕೈವಶಮಾಡಿಕೊಂಡು, 1697ರವರೆಗೆ, ಅಂದರೆ ಸುಮಾರು ಕಾಲು ಶತಮಾನ, ಅವಳು ರಾಜ್ಯವಾಳಿದಳು.

1689ರಲ್ಲಿ ಸಂಭಾಜಿ ಮೊಗಲರ ಕೈಗೆ ಸಿಕ್ಕಿ ಹತನಾದ ಬಳಿಕ ಅವನ ತಮ್ಮ ರಾಜಾರಾಮನು ವೇಷ ಮರೆಸಿಕೊಂಡು ಜಿಂಜಿಯ ಕಡೆಗೆ ಓಡುತ್ತಿದ್ದಾಗ ಚೆನ್ನಮ್ಮಾಜಿಯ ರಾಜ್ಯವನ್ನು ಹಾದುಹೋಗಬೇಕಾಯಿತು. ಔರಂಗಜೇಬನ ಕೋಪವೆಂದರೇನೆಂದು ಬಲ್ಲ ರಾಣಿ ಅವನನ್ನು ಹಿಡಿದುಕೊಟ್ಟು ಬಹುಮಾನ ಪಡೆಯಬಹುದಾಗಿತ್ತು. ಅವಳು ಅವನಿಗೆ ಆಶ್ರಯವನ್ನೂ ದಾರಿಯನ್ನೂ ಕೊಟ್ಟಳು. ಮೊಗಲ ಸೈನ್ಯ ದಂಡೆತ್ತಿ ಬಂದಾಗ ಅವಳ ಪಡೆ ಕಾದಿತು. ಕೊನೆಗೆ ವಿಷಯ ಸಂಧಿಯಲ್ಲಿ ಮುಗಿಯಿತು. ಶರಣುಬಂದವನನ್ನು ಕಾಯುವುದು ಅರಸುಧರ್ಮವೆಂಬ ಮಾತನ್ನು ಹೇಳುವುದು ಸುಲಭ. ಚೆನ್ನಮ್ಮಾಜಿ ಅದರ ಬೆಲೆಯನ್ನು ತೆತ್ತು ನಡೆಸಿ ತೋರಿಸಿದಳು.

ಅವಳ ದತ್ತುಪುತ್ರ ಬಸವಪ್ಪ ನಾಯಕನು ವಿದ್ಯಾವಂತ. 1709ರಲ್ಲಿ ಅವನ ‘ಶಿವತತ್ತ್ವರತ್ನಾಕರ’ ಪೂರ್ಣವಾಯಿತು. ಸಂಸ್ಕೃತದ ಈ ವಿಶ್ವಕೋಶ 9 ಕಲ್ಲೋಲಗಳಾಗಿ, 108 ತರಂಗಗಳಾಗಿ ಹಬ್ಬಿದೆ. ರಾಜನೀತಿ, ಕೋಟೆಕಟ್ಟುವ ಬಗೆ, ಸಂಗೀತ, ವೈದ್ಯ, ಪಾಕಶಾಸ್ತ್ರಗಳೆಲ್ಲವೂ ಅದರಲ್ಲಿ ಎಡೆಪಡೆದಿವೆ. ಮನೆತನದ ಇತಿಹಾಸವೂ ಬಂದಿದೆ. ಕವಲೇದುರ್ಗದ ಅರಮನೆಯಲ್ಲಿ ಇಂದು ತಣ್ಣಗಿರುವ ಕಲ್ಲೊಲೆಯ ಮುಂದೆ ನಿಂತವರು, ಅಂತಹ ಒಲೆಯ ಮೇಲೆ ಏನು ಬೇಯುತ್ತಿದ್ದಿತೆಂಬುದನ್ನು ಆ ಗ್ರಂಥದಿಂದ ಊಹಿಸಿಕೊಳ್ಳಬಹುದು. ಕನ್ನಡದಲ್ಲಿ ಲಿಂಗಣ್ಣ ಕವಿಯು ‘ಕೆಳದಿನೃಪವಿಜಯ’ವನ್ನು ರಚಿಸಿ ಈ ವಂಶದ ಕಥೆಯನ್ನು ಅಚ್ಚಳಿಯದಂತೆ ಮಾಡಿದನು.

ಪತನ

ಹೊರಗಿನ ಶತ್ರುಗಳಿಗೆ ಬಗ್ಗದ ಮನೆತನ ಒಳಗಿನ ಬಿರುಕಿನಿಂದ ಮುರಿಯಿತು. 1757ರಲ್ಲಿ ತರುಣ ಅರಸು ಚೆನ್ನಬಸಪ್ಪ ನಾಯಕನು ತೀರಿಕೊಂಡನು. ಅವನ ಸಾವಿನ ಬಗ್ಗೆ ನಾನಾ ವದಂತಿಗಳು ಹಬ್ಬಿದವು. ರಾಣಿ ವೀರಮ್ಮಾಜಿ ದತ್ತುಮಗನ ಹೆಸರಿನಲ್ಲಿ ಆಳತೊಡಗಿದಳು. ಸತ್ತನೆಂದು ಹೇಳಲಾದ ಚೆನ್ನಬಸಪ್ಪನು ತಾನೇ ಎಂದು ಹೇಳಿಕೊಂಡ ತರುಣನೊಬ್ಬನನ್ನು ಚಿತ್ರದುರ್ಗದ ನಾಯಕನು ಹೈದರಾಲಿಯ ಮುಂದೆ ನಿಲ್ಲಿಸಿದನು. ದಂಡೆತ್ತಿ ಹೋಗಲು ಹೈದರನಿಗೆ ಅಷ್ಟೇ ನೆಪ ಸಾಕಾಯಿತು. 1763ರ ಆರಂಭದಲ್ಲಿ ಅವನು ಬಿದನೂರಿನತ್ತ ನಡೆದನು. ರಾಣಿ ಅಪಾರ ಹಣವನ್ನು ಒಡ್ಡಿದರೂ ಅವನು ಒಪ್ಪಲಿಲ್ಲ. ಸೆರೆಯಲ್ಲಿದ್ದ ಹಳೆಯ ಮಂತ್ರಿಯೊಬ್ಬನು ಕಾಡಿನೊಳಗಿನ ಗುಪ್ತದಾರಿಯನ್ನು ತೋರಿಸಿಕೊಟ್ಟನು. ಮೈಲಿಗಟ್ಟಲೆ ಹಬ್ಬಿದ ಕಾವಲುಗಳೆಲ್ಲವೂ ವ್ಯರ್ಥವಾದವು.

ರಾಣಿ ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನ ದುರ್ಗಕ್ಕೆ ಓಡಿದಳು. ಅಲ್ಲಿ ಸೆರೆಸಿಕ್ಕಿ, ದತ್ತುಮಗನೊಡನೆ ಮಧುಗಿರಿಯ ಕೋಟೆಯಲ್ಲಿ ಬಂಧಿತಳಾದಳು. 1767ರಲ್ಲಿ ಮರಾಠರು ಬಿಡಿಸಿದರೂ, ಸ್ವತಂತ್ರಳಾಗಿ ಬಾಳುವ ಭಾಗ್ಯ ಅವಳಿಗಿರಲಿಲ್ಲ, ದಾರಿಯಲ್ಲಿಯೇ ಪ್ರಾಣಬಿಟ್ಟಳು. ಬಿದನೂರು ಹೈದರನಗರವೆನಿಸಿತು, ಇಂದು ಅದೇ ನಗರ. ಅಲ್ಲಿ ಹೈದರನಿಗೆ ಸಿಕ್ಕಿದ ಸಂಪತ್ತನ್ನು ಇತಿಹಾಸಕಾರ ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡುಗಳೆಂದು ಅಂದಾಜು ಮಾಡಿದ್ದಾನೆ. ಆ ಕಾಲಕ್ಕೆ ಅದು ನಂಬಲಾಗದಷ್ಟು ದೊಡ್ಡ ಮೊತ್ತ. ತಲೆಮಾರುಗಳು ಕೂಡಿಟ್ಟುದು ಕೆಲವೇ ದಿನಗಳಲ್ಲಿ ಬೇರೆಯವರ ಕೈಸೇರಿ, ಬೇರೆಯವರ ಯುದ್ಧಗಳಿಗೆ ವ್ಯಯವಾಯಿತು. ಕವಲೇದುರ್ಗವೂ ಮೈಸೂರಿನ ಪಾಲಾಯಿತು. 19ನೆಯ ಶತಮಾನದಲ್ಲಿ ತಾಲ್ಲೂಕೊಂದಕ್ಕೆ ಅದರ ಹೆಸರಿದ್ದಿತು. ಅನಂತರ ಆ ಹೆಸರೂ ತೀರ್ಥಹಳ್ಳಿಗೆ ಎಡೆಮಾಡಿಕೊಟ್ಟಿತು.

ಅಳಿಯದೆ ಉಳಿದುದು

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೆದ್ದ ಹೈದರಾಲಿ ತನ್ನ ನಾಣ್ಯವನ್ನು ಅಚ್ಚುಹಾಕಿಸಿದಾಗ ಇಕ್ಕೇರಿ ವರಹದ ಮೇಲಿನ ಶಿವಪಾರ್ವತಿಯರನ್ನು ತೆಗೆಯಲಿಲ್ಲ. ಹಿಂಬದಿಯಲ್ಲಿದ್ದ ‘ಶ್ರೀ ಸದಾಶಿವ’ ಎಂಬ ಅಂಕಿತದ ಎಡೆಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನಿಟ್ಟನು. ತೂಕಕ್ಕೂ ಚಿನ್ನದ ಶುದ್ಧತೆಗೂ ಹೆಸರಾದ ನಾಣ್ಯದ ಮೇಲಿನ ಜನರ ನಂಬಿಕೆಯನ್ನು ಕೆಡಿಸುವುದು ಗೆದ್ದವನಿಗೂ ಬೇಡವಾಗಿದ್ದಿತು.

ಶಿಸ್ತು ಇನ್ನೂ ಗಟ್ಟಿಯಾಗಿ ಬಾಳಿತು. ಅರಸರು ಅಳಿದು ದಶಕಗಳಾದ ಮೇಲೂ ನಗರ ಸೀಮೆಯ ಕಂದಾಯದ ಲೆಕ್ಕಗಳಲ್ಲಿ ಶಿವಪ್ಪ ನಾಯಕನ ಶಿಸ್ತೇ ಅಳತೆಗೋಲಾಗಿದ್ದಿತು. ಇಷ್ಟು ಹೆಚ್ಚಿಸಿದರು, ಇಷ್ಟು ಇಳಿಸಿದರು ಎಂದು ಅದಕ್ಕೆ ಹೋಲಿಸಿಯೇ ರೈತರು ನ್ಯಾಯಾನ್ಯಾಯಗಳನ್ನು ತೂಗುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇಷ್ಟು ಹಣ ತಂದೇ ತರುತ್ತೇವೆಂದು ಷರತ್ತು ಬರೆದುಕೊಟ್ಟ ಅಮಲ್ದಾರರ ಸುಲಿಗೆ ಮಿತಿಮೀರಿದಾಗ, 1830ರಲ್ಲಿ ನಗರದ ರೈತರು ಕೂಟ ಸೇರಿ ದಂಗೆಯೆದ್ದರು. ಆಗ ಬೂದಿಬಸವಪ್ಪನೆಂಬವನು ಹಳೆಯ ನಾಯಕರ ಮುದ್ರೆಗಳನ್ನು ತೋರಿಸಿ ತಾನೇ ಆ ವಂಶದ ಹಕ್ಕುದಾರನೆಂದು ಹೇಳಿಕೊಂಡನು. ಅವನ ಹಕ್ಕು ಹುಸಿಯಾಗಿದ್ದಿತು. ಆದರೆ ಅವನ ಹಿಂದೆ ನಡೆದ ಜನರ ನೆನಪು ಹುಸಿಯಾಗಿರಲಿಲ್ಲ. ಅರಸುಮನೆತನ ಅಳಿದು 67 ವರ್ಷಗಳಾಗಿದ್ದರೂ ಅದರ ಹೆಸರಿಗೆ ಜನ ಓಗೊಟ್ಟರೆಂದರೆ, ಅವರು ಬಯಸಿದುದು ಸಿಂಹಾಸನವನ್ನಲ್ಲ, ಗೊತ್ತಾದ ಅಳತೆಯನ್ನು. ದಂಗೆ ಅಡಗಿತು, ಅನೇಕರು ಪ್ರಾಣ ತೆತ್ತರು, ಅದನ್ನು ಕಾರಣವಾಗಿಟ್ಟುಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. 1881ರವರೆಗೆ ಅದು ಒಡೆಯರ ವಂಶಕ್ಕೆ ಮರಳಲಿಲ್ಲ.

ಇಂದಿಗೂ ಇಂತಹ ಪಾಳುಕೋಟೆಗಳಲ್ಲಿ ನಿಧಿಯ ಆಸೆಯಿಂದ ನೆಲವನ್ನು ಅಗೆದು, ಕಲ್ಲುಗಳನ್ನು ಉರುಳಿಸುವವರಿದ್ದಾರೆ. ಕೆಳದಿಯ ನಿಧಿ 1763ರಲ್ಲಿಯೇ ಹೊರಟುಹೋಯಿತೆಂಬ ಇತಿಹಾಸ ಅವರಿಗೆ ತಿಳಿಯದು. ಅವರು ಕೀಳುವ ಒಂದೊಂದು ಬುಡಗಲ್ಲಿನೊಡನೆ ಅರಮನೆಯ ನಕ್ಷೆಯ ಒಂದೊಂದು ಗೆರೆ ಅಳಿಸಿಹೋಗುತ್ತದೆ. ಬುಡಗಲ್ಲು ಇರುವವರೆಗೆ ಮಾತ್ರ ಕಂಬವೆಲ್ಲಿತ್ತು, ಕೋಣೆಯೆಲ್ಲಿತ್ತು, ನೀರೆಲ್ಲಿ ಹರಿಯಿತು ಎಂದು ಹೇಳಬಹುದು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರು ಈ ಒಂದು ಸಂಗತಿಯನ್ನು ಮಕ್ಕಳ ಮನಸ್ಸಿಗೆ ಮುಟ್ಟಿಸಿದರೂ ಕೋಟೆಗೆ ಹೊಸ ಕಾವಲುಗಾರರು ದೊರೆತಂತಾಗುತ್ತದೆ.

ಮೂರು ಸುತ್ತಿನ ಗೋಡೆಯೊಳಗೆ ಕಾದಿಟ್ಟ ಹೊನ್ನು ಉಳಿಯಲಿಲ್ಲ. ಸಿಂಹಾಸನ ಉಳಿಯಲಿಲ್ಲ. ಅರಮನೆಯ ಮಾಡು ಮಳೆಗೆ ಕರಗಿತು. ಆದರೆ ಕೊಳಗಳಲ್ಲಿ ನೀರಿದೆ, ಊರಿನಲ್ಲಿ ಮಠವಿದೆ, ರಾಜನು ಬರೆದ ಗ್ರಂಥವಿದೆ, ಹನ್ನೆರಡು ವರ್ಷ ತಾಳ್ಮೆಯಿಂದ ಬರೆದಿಟ್ಟ ಲೆಕ್ಕದ ಹೆಸರು ಜನರ ಮಾತಿನಲ್ಲಿ ಇನ್ನೂ ಇದೆ. ಗೋಡೆಯ ಒಳಗಿಟ್ಟುಕೊಂಡುದು ಹೋಯಿತು, ಗೋಡೆಯ ಹೊರಗೆ ಜನರಿಗೆ ಕೊಟ್ಟುದು ನಿಂತಿತು.